ಬಸಿರಿನಲ್ಲಿ ಅಡ್ರಿನಲ್ ಗ್ರಂಥಿ ದೊಡ್ಡದಾಗುತ್ತದೆಯೇ?

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಈಗ 29 ವಾರದ ಬಸುರಿ. ಹೋದ ತಿಂಗಳು ಬಲ ಪಕ್ಕೆಯಲ್ಲಿ ನೋವು ಬಂತು, ಮಂಗಳೂರಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಕಿಡ್ನಿಯಲ್ಲಿ ಕಲ್ಲಿಲ್ಲ, ಸ್ವಲ್ಪ ಬಾವು ಇದೆ ಎಂದರು. ನೋವು ತಾನಾಗಿ ಹೋಯಿತು. ಆದರೆ ರಿಪೋರ್ಟಿನ ಕೊನೆಯಲ್ಲಿ ಬಲಗಡೆಯ ಅಡ್ರಿನಲ್ ಗ್ರಂಥಿ ಸ್ವಲ್ಪ ದಪ್ಪ ಕಾಣುತ್ತದೆ ಎಂದು ಬರೆದಿದೆ. ಅದನ್ನು ನೋಡಿ ಹೆದರಿ, ಮೊನ್ನೆ ನಾವೇ ಲ್ಯಾಬಿಗೆ ಹೋಗಿ ಬೆಳಿಗ್ಗೆ ಎಂಟು ಗಂಟೆಗೆ ಕಾರ್ಟಿಸಾಲ್ ಪರೀಕ್ಷೆ ಮಾಡಿಸಿದೆವು. 34 ಬಂತು. ಹಾಳೆಯಲ್ಲಿ 25ರ ಒಳಗೆ ಇರಬೇಕು ಎಂದಿದೆ. ಪರಿಚಯದವರೊಬ್ಬರು "ಬಸಿರಲ್ಲಿ ಎಲ್ಲ ಗ್ರಂಥಿಯೂ ದೊಡ್ಡದಾಗುತ್ತದೆ, ಬಿಡು" ಎಂದರು. ನಿಜವೇ? ಗ್ರಂಥಿಯ ಒಳಗೆ ಏನು ಬದಲಾಗುತ್ತದೆ? ಹೆರಿಗೆಯಾದ ಮೇಲೆ ಮೊದಲಿನಂತಾಗುತ್ತದೆಯೇ? ಮಗುವಿಗೆ ಏನಾದರೂ ತೊಂದರೆ ಉಂಟೇ? ಕಾಲು ಬಾತಿದೆ ಎಂದು ಅತ್ತೆ ಉಪ್ಪು ಬಿಡಲು ಹೇಳುತ್ತಾರೆ, ಅದೂ ಸರಿಯೇ?

ಉತ್ತರ: ಟೀಚರೇ, ಮೊದಲು ಸಮಾಧಾನದ ಮಾತು. ನಿಮ್ಮ 34 ಸರಿಯಾಗಿಯೇ ಇದೆ. ಸರಿ ಇಲ್ಲದ್ದು ಆ ಹಾಳೆಯಲ್ಲಿ ಅಚ್ಚಾದ ಮಿತಿ. ಕಾರ್ಟಿಸಾಲ್ ಅಂದರೆ ಅಡ್ರಿನಲ್ ತಯಾರಿಸುವ ಒಂದು ಹಾರ್ಮೋನು, 25 ಎನ್ನುವುದು ಬಸುರಿಯಲ್ಲದವರ ಲೆಕ್ಕ. ಕೊನೆಯ ಮೂರು ತಿಂಗಳಿನಲ್ಲಿ ಒಂದು ಡೆಸಿಲೀಟರ್ ರಕ್ತಕ್ಕೆ 12ರಿಂದ 50 ಮೈಕ್ರೋಗ್ರಾಂವರೆಗೆ ಕಾರ್ಟಿಸಾಲ್ ಇರಬಹುದು. ನಡುವಿನ ಮೂರು ತಿಂಗಳಿನಲ್ಲೂ 42ರವರೆಗೆ ಹೋಗುತ್ತದೆ. ಲ್ಯಾಬಿನ ಯಂತ್ರಕ್ಕೆ ನೀವು ಬಸುರಿ ಎಂದು ಗೊತ್ತಿಲ್ಲ, ಪಾಪ. ಅದು ಎಲ್ಲರಿಗೂ ಒಂದೇ ಮಿತಿ ಅಚ್ಚು ಹಾಕಿ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೆಚ್ಚು' ಎಂದು ಕೊಡುತ್ತದೆ.

ಇನ್ನು ನಿಮ್ಮ ಪರಿಚಯದವರ ಮಾತು. ಅದು ಅರ್ಧ ನಿಜ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಬಸಿರಿನಲ್ಲಿ ನಿಜಕ್ಕೂ ಬೆಳೆಯುತ್ತದೆ, ಸುಮಾರು ಮೂರನೇ ಒಂದರಷ್ಟು. ಹಾಲು ಬರಿಸುವ ಪ್ರೊಲ್ಯಾಕ್ಟಿನ್ ಜೀವಕೋಶಗಳು ಅಲ್ಲಿ ಹೆಚ್ಚುವುದೇ ಕಾರಣ. ಥೈರಾಯ್ಡ್ ಕೂಡ ಸ್ವಲ್ಪ ಉಬ್ಬುತ್ತದೆ. 12 ಮಿಲಿಲೀಟರ್‌ನಷ್ಟು ಇದ್ದದ್ದು ಹೆರಿಗೆಯ ಹೊತ್ತಿಗೆ 15 ಆಗಬಹುದು. ಆದರೆ ತಾಯಿಯ ಅಡ್ರಿನಲ್ ಹಾಗಲ್ಲ. ಆಕಾರದಲ್ಲೂ ತೂಕದಲ್ಲೂ ಅದು ಹೆಚ್ಚು ಕಡಿಮೆ ಹಾಗೆಯೇ ಇರುತ್ತದೆ. ಬದಲಾಗುವುದು ಅದರ ಕೆಲಸ. ನಮ್ಮ ಕಡೆಯ ಸುರಂಗವನ್ನು ನೆನೆಸಿಕೊಳ್ಳಿ. ಮುರಕಲ್ಲಿನ ಗುಡ್ಡಕ್ಕೆ ಅಡ್ಡ ಕೊರೆದ ಬಾವಿ ಅದು. ಏಪ್ರಿಲ್‌ನಲ್ಲಿ ಬೆರಳಿನಷ್ಟು ನೀರು, ಮಳೆಗಾಲದ ಆಟಿ ತಿಂಗಳಲ್ಲಿ ತೋಳಿನಷ್ಟು. ಹಾಗಂತ ಸುರಂಗದ ಬಾಯಿ ಅಗಲವಾಯಿತೇ? ಇಲ್ಲ ಅಲ್ವಾ. ಗುಡ್ಡದ ಮೇಲೆ ಮಳೆ ಬಂದಿದೆ, ಅಷ್ಟೇ. ಬಸಿರಿನಲ್ಲಿ ಆ ಮಳೆ ಎಲ್ಲಿಂದ ಬರುತ್ತದೆ ಎನ್ನುವುದೇ ಸ್ವಾರಸ್ಯದ ವಿಷಯ. ಅದಕ್ಕೆ ಮೊದಲು ಗ್ರಂಥಿಯನ್ನು ಒಮ್ಮೆ ಸರಿಯಾಗಿ ನೋಡೋಣ. ನೀವು ಕ್ಲಾಸಿನಲ್ಲಿ ಹೇಳುವವರು, ನಿಮಗೆ ಬೇಕಾದೀತು.

ಎಂಬಿಬಿಎಸ್ ಮೊದಲ ವರ್ಷದ ಡಿಸೆಕ್ಷನ್ ಕೋಣೆಯಲ್ಲಿ ನಾನು ಈ ಗ್ರಂಥಿಯನ್ನು ಕೊಬ್ಬು ಎಂದುಕೊಂಡು ಕಿತ್ತು ಬದಿಗೆ ಹಾಕಿದವನು. ಕಿಡ್ನಿಯ ತಲೆಯ ಮೇಲೆ ಹಳದಿ ಕೊಬ್ಬಿನ ನಡುವೆ ಅದೂ ಹಳದಿಯಾಗಿ ಕೂತಿರುತ್ತದೆ. ಬಲಗಡೆಯದ್ದು ಮೂರು ಮೂಲೆಯ ಟೊಪ್ಪಿಯಂತೆ, ಎಡಗಡೆಯದ್ದು ಅರ್ಧಚಂದ್ರದಂತೆ. ಒಂದೊಂದರ ತೂಕ ನಾಲ್ಕೈದು ಗ್ರಾಂ. ಅಂಗಡಿಯಲ್ಲಿ ಸಿಗುವ ಒಳ್ಳೆಯ ದಪ್ಪ ಗೇರುಬೀಜದ ತಿರುಳು ಎರಡು ಸೇರಿದರೆ ಅಷ್ಟಾಗುತ್ತದೆ. ಕೊಯ್ದು ನೋಡಿದರೆ ಹೊರಗೆ ಬಂಗಾರದ ಹಳದಿ, ಒಳಗೆ ಕಂದು. ಹೊರಗಿನದ್ದು ಕಾರ್ಟೆಕ್ಸ್, ಗ್ರಂಥಿಯ ಹತ್ತರಲ್ಲಿ ಒಂಬತ್ತು ಪಾಲು ಅದೇ. ಹಳದಿ ಬಣ್ಣ ಬರುವುದು ಕೊಲೆಸ್ಟರಾಲ್‌ನಿಂದ. ಹೆದರಿಸುವ ಹೆಸರು, ಆದರೆ ಕಾರ್ಟಿಸಾಲ್ ತಯಾರಾಗಲು ಅದೇ ಕಚ್ಚಾ ಮಾಲು. ಒಳಗಿನ ಕಂದು ಮೆಡುಲ್ಲಾ ಅಡ್ರಿನಲಿನ್ ತಯಾರಿಸುತ್ತದೆ.

ಕಾರ್ಟೆಕ್ಸಿನಲ್ಲಿ ಮೂರು ಪದರ. ಹೊರಗಿನದ್ದು ಗ್ಲೊಮೆರುಲೋಸಾ, ಜೀವಕೋಶಗಳು ಉಂಡೆ ಉಂಡೆಯಾಗಿ ಇರುತ್ತವೆ. ಉಪ್ಪು ಹಿಡಿದಿಡುವ ಅಲ್ಡೋಸ್ಟಿರಾನ್ ಅಲ್ಲಿನ ಸರಕು. ನಡುವಿನದ್ದು ಫ್ಯಾಸಿಕುಲೇಟಾ, ಎಲ್ಲಕ್ಕಿಂತ ದಪ್ಪ, ಸೌದೆ ಕಟ್ಟಿನ ಹಾಗೆ ಉದ್ದುದ್ದ ಸಾಲು. ಕಾರ್ಟಿಸಾಲ್ ಅಲ್ಲಿಂದ. ಒಳಗಿನದ್ದು ರೆಟಿಕುಲಾರಿಸ್, ಬಲೆಯಂತೆ ಹೆಣೆದುಕೊಂಡದ್ದು, ಗಂಡು ಹಾರ್ಮೋನುಗಳ ಕಚ್ಚಾ ರೂಪ ಅಲ್ಲಿ ಹುಟ್ಟುತ್ತದೆ. ಈ ಮೂರು ಲ್ಯಾಟಿನ್ ಹೆಸರುಗಳ ಅರ್ಥವೂ ಅದೇ: ಉಂಡೆ, ಕಟ್ಟು, ಬಲೆ. ಮಕ್ಕಳಿಗೆ ಹೀಗೆ ಹೇಳಿದರೆ ಬೇಗ ನೆನಪಿರುತ್ತದೆ.

ಬಸಿರಿನಲ್ಲಿ ಇವುಗಳಲ್ಲಿ ಕಣ್ಣಿಗೆ ಬೀಳುವಷ್ಟು ಬದಲಾಗುವುದು ನಡುವಿನ ಕಟ್ಟು ಮಾತ್ರ. ಫ್ಯಾಸಿಕುಲೇಟಾ ಸ್ವಲ್ಪ ಅಗಲವಾಗುತ್ತದೆ. ಅದೂ ಮೈಕ್ರೋಸ್ಕೋಪಿನಲ್ಲಿ ಅಳೆದರೆ ಗೊತ್ತಾಗುವಷ್ಟು. ಮೆಡುಲ್ಲಾ ಹಾಗೆಯೇ ಇರುತ್ತದೆ. ತಾಯಿಯ ರಕ್ತದಲ್ಲಿ ಅಡ್ರಿನಲಿನ್ ಪ್ರಮಾಣವೂ ಹೆಚ್ಚು ಕಡಿಮೆ ಮಾಮೂಲು.

ಹಾಗಾದರೆ ಗ್ರಂಥಿ ದೊಡ್ಡದಾಗುತ್ತದೆ ಎಂಬ ಮಾತು ಬಂದದ್ದು ಎಲ್ಲಿಂದ? ನನ್ನ ಊಹೆ ಹೀಗಿದೆ. ಹಿಂದಿನ ಕಾಲದಲ್ಲಿ ಗ್ರಂಥಿಯನ್ನು ತೂಗಲು ಸಿಗುತ್ತಿದ್ದದ್ದು ಸತ್ತವರಿಂದ ಮಾತ್ರ. ಗಟ್ಟಿಮುಟ್ಟಾಗಿದ್ದು ಹಠಾತ್ತಾಗಿ ಸತ್ತವರಲ್ಲಿ ಒಂದು ಅಡ್ರಿನಲ್ ಸುಮಾರು 4 ಗ್ರಾಂ ತೂಗುತ್ತದೆ. ಆಸ್ಪತ್ರೆಯಲ್ಲಿ ದಿನಗಟ್ಟಲೆ ನರಳಿ ಸತ್ತವರಲ್ಲಿ 6 ಗ್ರಾಂ. ಕಾಯಿಲೆಯ ಒತ್ತಡವೇ ಗ್ರಂಥಿಯನ್ನು ಉಬ್ಬಿಸಿರುತ್ತದೆ. ಬಸುರಿಯಾಗಿದ್ದಾಗ ತೀರಿಕೊಂಡ ಹೆಂಗಸರಲ್ಲಿ ಬಹಳಷ್ಟು ಮಂದಿ ನಂಜು, ರಕ್ತಸ್ರಾವ, ಫಿಟ್ಸ್ ಎಂದು ನರಳಿಯೇ ಹೋದವರು. ಅವರ ಗ್ರಂಥಿ ತೂಗಿ ನೋಡಿ 'ಬಸಿರು ಹೀಗೆ ಮಾಡುತ್ತದೆ' ಎಂದರೆ, ಕಾಯಿಲೆಯ ತಪ್ಪನ್ನು ಬಸಿರಿನ ತಲೆಗೆ ಕಟ್ಟಿದಂತೆ.

ಈಗ ಮಳೆಯ ವಿಷಯ. ಮಾಸು, ಅಂದರೆ ಪ್ಲಾಸೆಂಟಾ, ಬರೀ ಮಗುವಿಗೆ ಊಟ ಸಾಗಿಸುವ ಚೀಲವಲ್ಲ. ಅದೊಂದು ದೊಡ್ಡ ಹಾರ್ಮೋನ್ ಕಾರ್ಖಾನೆ. ಮೊದಲ ಕೆಲಸವಾಗಿ ಅದು ಈಸ್ಟ್ರೊಜೆನ್ ಎಂಬ ಹೆಣ್ಣು ಹಾರ್ಮೋನ್ ಸುರಿಯುತ್ತದೆ. ಈಸ್ಟ್ರೊಜೆನ್ ಹೆಚ್ಚಿದರೆ ತಾಯಿಯ ಲಿವರ್ ಒಂದು ಪ್ರೋಟೀನನ್ನು ಎರಡು ಮೂರು ಪಟ್ಟು ತಯಾರಿಸುತ್ತದೆ. ಕಾರ್ಟಿಸಾಲನ್ನು ಹೊತ್ತು ತಿರುಗುವ ಪ್ರೋಟೀನು ಅದು. ಬಸ್ಸಿನಲ್ಲಿ ಸೀಟು ಹೆಚ್ಚಾದಂತೆ ಕೂತವರ ಸಂಖ್ಯೆಯೂ ಹೆಚ್ಚಿತು. ನಿಮ್ಮ ಲ್ಯಾಬ್ ಎಣಿಸಿದ್ದು ಕೂತವರನ್ನೂ ಇಳಿದವರನ್ನೂ ಸೇರಿಸಿ. ಕೆಲಸ ಮಾಡುವುದು ಇಳಿದವರು ಮಾತ್ರ, ಅಂದರೆ ಪ್ರೋಟೀನಿಗೆ ಅಂಟದ ಕಾರ್ಟಿಸಾಲ್. ನಿಮ್ಮ 34ರಲ್ಲಿ ದೊಡ್ಡ ಪಾಲು ಸುಮ್ನೆ ಸೀಟಿನಲ್ಲಿ ಕೂತಿದೆ.

ಆದರೆ ಪೂರ್ತಿ ಲೆಕ್ಕ ಅಷ್ಟೇ ಅಲ್ಲ. ಇಳಿದವರ ಸಂಖ್ಯೆಯೂ ಏರುತ್ತದೆ. ಮೂತ್ರದಲ್ಲಿ ಹೋಗುವ ಕಾರ್ಟಿಸಾಲ್ ಕೊನೆಯ ತಿಂಗಳುಗಳಲ್ಲಿ ಮೂರು ಪಟ್ಟಿನವರೆಗೂ ಆಗುತ್ತದೆ. ಇದಕ್ಕೂ ಮಾಸೇ ಕಾರಣ. ಸಾಮಾನ್ಯವಾಗಿ ಮೆದುಳಿನಿಂದ ಸಿಆರ್‌ಎಚ್ ಎಂಬ ಹಾರ್ಮೋನ್ ಬಂದು ಪಿಟ್ಯುಟರಿಯನ್ನು ಎಬ್ಬಿಸುತ್ತದೆ. ಪಿಟ್ಯುಟರಿ ಎಸಿಟಿಎಚ್ ಕಳಿಸುತ್ತದೆ, ಅದು ಅಡ್ರಿನಲ್‌ನ ಬೆನ್ನು ತಟ್ಟುತ್ತದೆ. ಕಾರ್ಟಿಸಾಲ್ ಸಾಕಷ್ಟಾದ ಕೂಡಲೇ ಮೆದುಳು ಸುಮ್ಮನಾಗುತ್ತದೆ. ತೊಟ್ಟಿ ತುಂಬಿದರೆ ಪಂಪು ನಿಲ್ಲುವ ಹಾಗೆ. ಮಾಸು ಕೂಡ ಅದೇ ಸಿಆರ್‌ಎಚ್ ತಯಾರಿಸುತ್ತದೆ, ಆದರೆ ಅದರ ಬುದ್ಧಿ ಉಲ್ಟಾ. ಕಾರ್ಟಿಸಾಲ್ ಹೆಚ್ಚಾದಂತೆ ಮಾಸಿನ ಸಿಆರ್‌ಎಚ್ ಇನ್ನೂ ಹೆಚ್ಚುತ್ತದೆ. ತೊಟ್ಟಿ ತುಂಬಿದಷ್ಟೂ ಜೋರಾಗಿ ಓಡುವ ಪಂಪು! ಪುಣ್ಯಕ್ಕೆ ತಾಯಿಯ ರಕ್ತದಲ್ಲಿ ಸಿಆರ್‌ಎಚ್ ಹಿಡಿದಿಡುವ ಇನ್ನೊಂದು ಪ್ರೋಟೀನು ಇದೆ, ಹಾಗಾಗಿ ಎಲ್ಲ ಕೈಮೀರಿ ಹೋಗುವುದಿಲ್ಲ. ಕಾರ್ಟಿಸಾಲ್ ಬೆಳಿಗ್ಗೆ ಹೆಚ್ಚು, ರಾತ್ರಿ ಕಡಿಮೆ ಎಂಬ ತಾಳವೂ ಉಳಿದುಕೊಳ್ಳುತ್ತದೆ, ಏರಿಳಿತ ಮಾತ್ರ ಸ್ವಲ್ಪ ಮಂಕಾಗುತ್ತದೆ.

ಇಲ್ಲಿ ಒಂದು ಕತೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಎಂಬ ಸಂಧಿವಾತದ ವೈದ್ಯರಿದ್ದರು. ಕೈಕಾಲು ಗಂಟು ಬಾತು ಹಾಸಿಗೆ ಹಿಡಿದ ಹೆಂಗಸರು ಬಸುರಿಯಾದ ಕೂಡಲೇ ಚೇತರಿಸಿಕೊಳ್ಳುವುದನ್ನು ಅವರು ಗಮನಿಸಿದರು. ಹೆರಿಗೆಯಾದ ಮೇಲೆ ನೋವು ಮತ್ತೆ ವಾಪಸ್. ಕಾಮಾಲೆ ಬಂದವರಲ್ಲೂ ಹೀಗೇ ಆಗುತ್ತಿತ್ತು. ಯಾವುದೋ ಒಂದು ವಸ್ತು ಇದನ್ನು ಮಾಡುತ್ತಿದೆ ಎಂದುಕೊಂಡು ಅದಕ್ಕೆ 'ಎಕ್ಸ್' ಎಂದು ಹೆಸರಿಟ್ಟರು. ಅದೇ ಸಂಸ್ಥೆಯಲ್ಲಿ ಎಡ್ವರ್ಡ್ ಕೆಂಡಲ್ ಅಡ್ರಿನಲ್‌ನಿಂದ ಒಂದೊಂದೇ ರಾಸಾಯನಿಕ ಬೇರ್ಪಡಿಸುತ್ತಿದ್ದರು. 1948ರಲ್ಲಿ ಅವುಗಳಲ್ಲಿ ಒಂದನ್ನು ಸಂಧಿವಾತದ ರೋಗಿಗೆ ಕೊಟ್ಟು ನೋಡಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದಾಡಿದಳು. ಅದೇ ಕಾರ್ಟಿಸೋನ್. 1950ರಲ್ಲಿ ಹೆಂಚ್, ಕೆಂಡಲ್ ಮತ್ತು ಸ್ವಿಟ್ಜರ್ಲೆಂಡಿನ ರೈಕ್‌ಸ್ಟೈನ್ ಅವರಿಗೆ ನೊಬೆಲ್ ಬಂತು. ಇವತ್ತು ಮೆಡಿಕಲ್ ಶಾಪಿನಲ್ಲಿ ಎರಡು ರೂಪಾಯಿಗೆ ಸಿಗುವ ಸ್ಟೀರಾಯ್ಡ್ ಮಾತ್ರೆಯ ಹಿಂದೆ ಬಸುರಿಯರ ಬೆರಳ ಗಂಟುಗಳನ್ನು ಗಮನವಿಟ್ಟು ನೋಡಿದ ಒಬ್ಬ ವೈದ್ಯ ಇದ್ದಾರೆ. ಬಸಿರಿನಲ್ಲಿ ಸಂಧಿವಾತ ಇಳಿಯಲು ಕಾರ್ಟಿಸಾಲ್ ಒಂದೇ ಕಾರಣವಲ್ಲ ಎಂದು ಈಗ ಗೊತ್ತು. ಆದರೂ ಅವರು ಹಿಡಿದ ದಾರಿ ಸರಿಯಾದ ಮನೆಗೇ ಮುಟ್ಟಿತು.

ಗಾತ್ರ, ರಚನೆ ಎಂದು ನೀವು ಕೇಳಿದ್ದೀರಿ. ನಿಜವಾದ ಅದ್ಭುತ ನಿಮ್ಮ ಗ್ರಂಥಿಯಲ್ಲಿಲ್ಲ ಟೀಚರೇ, ನಿಮ್ಮ ಮಗುವಿನ ಗ್ರಂಥಿಯಲ್ಲಿದೆ. ಬಸಿರಿನ ಎರಡನೇ ತಿಂಗಳ ಹೊತ್ತಿಗೆ ಮಗುವಿನ ಅಡ್ರಿನಲ್ ಅದರ ಕಿಡ್ನಿಗಿಂತ ದೊಡ್ಡದು. ಹುಟ್ಟುವಾಗ ಕಿಡ್ನಿಯ ಮೂರನೇ ಒಂದು ಭಾಗ. ನಿಮ್ಮಲ್ಲಿ, ನನ್ನಲ್ಲಿ ಅದು ಮೂವತ್ತನೇ ಒಂದು ಭಾಗ. ಮೂರು ಕಿಲೋ ಮಗುವಿನ ಅಡ್ರಿನಲ್ ಜೋಡಿಯ ತೂಕ ಅರವತ್ತು ಕಿಲೋ ತಾಯಿಯ ಜೋಡಿಯಷ್ಟೇ ಇರುತ್ತದೆ. ಇಷ್ಟು ದೊಡ್ಡದೇಕೆ? ಅದರಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಪಾಲು ದೊಡ್ಡವರಲ್ಲಿ ಇಲ್ಲದ ಒಂದು ಪದರ. ಭ್ರೂಣ ವಲಯ ಎನ್ನಬಹುದು. ಹೆರಿಗೆ ಹತ್ತಿರ ಬಂದಾಗ ಮಗುವಿನ ಗ್ರಂಥಿ ದಿನಕ್ಕೆ 100ರಿಂದ 200 ಮಿಲಿಗ್ರಾಂ ಸ್ಟೀರಾಯ್ಡ್ ತಯಾರಿಸುತ್ತದೆ. ಆರಾಮವಾಗಿರುವ ದೊಡ್ಡವರ ಗ್ರಂಥಿ ತಯಾರಿಸುವುದು 30-40 ಮಿಲಿಗ್ರಾಂ.

ಇದೆಲ್ಲ ಯಾರಿಗಾಗಿ? ಮಾಸಿಗಾಗಿ. ಮಾಸಿಗೆ ಈಸ್ಟ್ರೊಜೆನ್ ತಯಾರಿಸಲು ಬರುತ್ತದೆ, ಆದರೆ ನಡುವಿನ ಒಂದು ಹಂತದ ಕಿಣ್ವ ಅದರಲ್ಲಿ ಇಲ್ಲ. ಹಾಗಾಗಿ ಕೆಲಸ ಹಂಚಿಕೊಂಡಿದ್ದಾರೆ. ನಮ್ಮ ಅಡಿಕೆಯ ಹಾಗೆಯೇ. ಕೊಯ್ಯುವವ ಒಬ್ಬ, ಸುಲಿಯುವವ ಒಬ್ಬ, ಮಂಡಿಗೆ ಹಾಕುವವ ಇನ್ನೊಬ್ಬ. ಮಗುವಿನ ಅಡ್ರಿನಲ್ ಡಿಎಚ್‌ಇಎ ಸಲ್ಫೇಟ್ ಎಂಬ ಕಚ್ಚಾ ಮಾಲು ಕೊಡುತ್ತದೆ, ಮಗುವಿನ ಲಿವರ್ ಅದನ್ನು ತಿದ್ದುತ್ತದೆ, ಮಾಸು ಅದರಿಂದ ಈಸ್ಟ್ರಿಯಾಲ್ ಎಂಬ ಬಗೆಯ ಈಸ್ಟ್ರೊಜೆನ್ ಮಾಡಿ ತಾಯಿಯ ರಕ್ತಕ್ಕೆ ಬಿಡುತ್ತದೆ. ನಿಮ್ಮ ರಕ್ತದ ಈಸ್ಟ್ರಿಯಾಲ್‌ನಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೆ ಕಚ್ಚಾ ಮಾಲು ಕೊಟ್ಟದ್ದು ಮಗು. ಹಿಂದೆ ತಾಯಿಯ ಇಪ್ಪತ್ನಾಲ್ಕು ಗಂಟೆಯ ಮೂತ್ರ ಕೂಡಿಸಿ, ಈಸ್ಟ್ರಿಯಾಲ್ ಅಳೆದು, ಮಗು ಚೆನ್ನಾಗಿದೆಯೇ ಎಂದು ನೋಡುತ್ತಿದ್ದರು. ಸ್ಕ್ಯಾನ್ ಬಂದ ಮೇಲೆ ಆ ಕಷ್ಟ ತಪ್ಪಿತು. ನಾಲ್ಕೈದು ತಿಂಗಳಲ್ಲಿ ಮಗುವಿನ ಹುಟ್ಟು ದೋಷದ ಸುಳಿವಿಗೆಂದು ಕೆಲವರಿಗೆ ಮಾಡುವ ಕ್ವಾಡ್ರುಪಲ್ ಟೆಸ್ಟ್ ಎಂಬ ರಕ್ತ ಪರೀಕ್ಷೆಯಲ್ಲಿ ಮಾತ್ರ ಈಸ್ಟ್ರಿಯಾಲ್ ಈಗಲೂ ಇದೆ.

ಮಗು ಹುಟ್ಟಿತು, ಮಾಸು ಬಿತ್ತು. ಭ್ರೂಣ ವಲಯಕ್ಕೆ ಇನ್ನು ಕೆಲಸವಿಲ್ಲ. ಅದು ಕರಗತೊಡಗುತ್ತದೆ, ಕೆಲವೇ ವಾರಗಳಲ್ಲಿ ಮಗುವಿನ ಅಡ್ರಿನಲ್ ತೂಕ ಅರ್ಧಕ್ಕೆ ಇಳಿಯುತ್ತದೆ. ನಮ್ಮ ದೇಹದಲ್ಲಿ ಇಷ್ಟು ಬೇಗ ಕಂತೆ ಕಟ್ಟುವ ಅಂಗ ಅಪರೂಪ. ತಾಯಿಯ ಕತೆ ಇದಕ್ಕಿಂತ ಸರಳ. ಮಾಸಿನ ಸಿಆರ್‌ಎಚ್ ಒಂದು ದಿನದೊಳಗೆ ರಕ್ತದಿಂದ ಮಾಯ. ಕಾರ್ಟಿಸಾಲ್ ಹೊರುವ ಪ್ರೋಟೀನು ಇಳಿಯಲು ಕೆಲವು ವಾರ ಬೇಕು. ಇಷ್ಟು ದಿನ ಮಾಸಿಗೆ ಬಿಟ್ಟುಕೊಟ್ಟು ಕೂತಿದ್ದ ಮೆದುಳು ಪೂರ್ತಿ ಚುರುಕಾಗಲೂ ಅಷ್ಟೇ ಹಿಡಿಯುತ್ತದೆ. ಬಾಣಂತನದ ಮೂರು ತಿಂಗಳು ಎಂದು ನಮ್ಮ ಅಜ್ಜಿಯರು ಹೇಳುವ ಅವಧಿಯೊಳಗೆ ಎಲ್ಲವೂ ಹಳೆಯ ಲಯಕ್ಕೆ ಬರುತ್ತದೆ.

ಮಗುವಿಗೆ ತೊಂದರೆಯೇ ಎಂಬ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಕಾರ್ಟಿಸಾಲ್ ಎಷ್ಟೇ ಇದ್ದರೂ ಅದರ ಬಹುಪಾಲು ಮಗುವನ್ನು ಮುಟ್ಟುವುದಿಲ್ಲ. ಮಾಸಿನಲ್ಲಿ ಒಂದು ಕಿಣ್ವ ಕಾವಲು ಕೂತಿದೆ. ಬಂದ ಕಾರ್ಟಿಸಾಲನ್ನು ಅದು, ಲಿವರ್ ಮತ್ತೆ ಕಾರ್ಟಿಸಾಲ್ ಮಾಡುವವರೆಗೆ ಕೆಲಸಕ್ಕೆ ಬಾರದ ಕಾರ್ಟಿಸೋನ್ ಆಗಿ ಮಾಡಿಬಿಡುತ್ತದೆ. ಆಸ್ತಮಾಕ್ಕೆಂದು ತಾಯಿ ತೆಗೆದುಕೊಳ್ಳುವ ಪ್ರೆಡ್ನಿಸೊಲೋನ್ ಕೂಡ ಹೆಚ್ಚಾಗಿ ಅಲ್ಲೇ ನಿಲ್ಲುತ್ತದೆ. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್ ಮಾತ್ರ ಈ ಕಾವಲನ್ನು ದಾಟಿ ಹೋಗುತ್ತವೆ. ಅವಧಿಗೆ ಮೊದಲೇ ಹೆರಿಗೆಯಾಗುವ ಭಯವಿದ್ದಾಗ ಮಗುವಿನ ಶ್ವಾಸಕೋಶ ಬಲಿಯಲು ಅವನ್ನೇ ಇಂಜೆಕ್ಷನ್ ಕೊಡುವುದು ಅದಕ್ಕೆ. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹಾವಿ ಇದನ್ನು 1972ರಲ್ಲಿ ತೋರಿಸಿಕೊಟ್ಟರು. ಲಿಗಿನ್ಸ್‌ಗೆ ಅದರ ಸುಳಿವು ಸಿಕ್ಕಿದ್ದು ಕುರಿಮರಿಗಳಿಂದ.

ಈ ಕಾವಲಿನ ವಿಷಯದಲ್ಲಿ ನಮ್ಮ ಮನೆಗಳಿಗೆ ಹೇಳಬೇಕಾದ ಒಂದು ಮಾತಿದೆ. ಕೆಮ್ಮಿಗೆ ಜ್ಯೇಷ್ಠಮಧು ಅರೆದು ಕುಡಿಸುವ ಅಭ್ಯಾಸ ನಮ್ಮಲ್ಲಿ ಇದೆ. ಅಂಗಡಿಯಲ್ಲಿ ಮಲಯಾಳದಲ್ಲಿ ಇರಟ್ಟಿಮಧುರಂ ಎಂದು ಕೇಳಿದರೂ ಅದನ್ನೇ ಕೊಡುತ್ತಾರೆ. ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಆ ಕಾವಲಿನ ಕಿಣ್ವವನ್ನೇ ಮಲಗಿಸುತ್ತದೆ. ಜಾಸ್ತಿ ತಿಂದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಸುರಿಯಲ್ಲಾದರೆ ಮಗುವಿನತ್ತ ಹೋಗುವ ಕಾರ್ಟಿಸಾಲ್ ಕೂಡ ಹೆಚ್ಚುತ್ತದೆ. ಫಿನ್ಲೆಂಡಿನಲ್ಲಿ ಇದರ ಮಿಠಾಯಿ ಬಲು ಇಷ್ಟ, ಅಲ್ಲಿ ಬಸುರಿಯರಿಗೆ ಜಾಸ್ತಿ ತಿನ್ನಬೇಡಿ ಎಂದೇ ಹೇಳುತ್ತಾರೆ. ಒಂದು ದಿನ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಏನೂ ಆಗದು. ತಿಂಗಳುಗಟ್ಟಲೆ ಕಷಾಯ ಬೇಡ.

ಈಗ ನಿಮ್ಮ ಬಲ ಪಕ್ಕೆ. ನಿಮ್ಮ ನೋವಿಗೆ ಕಾರಣ ಅಡ್ರಿನಲ್ ಅಲ್ಲ ಎಂದು ನನಗೆ ಅನಿಸುತ್ತದೆ. ಬೆಳೆದ ಗರ್ಭಕೋಶ ಸಾಮಾನ್ಯವಾಗಿ ಬಲಕ್ಕೆ ವಾಲುತ್ತದೆ. ಎಡಗಡೆ ದೊಡ್ಡ ಕರುಳಿನ ಕೊನೆಯ ಭಾಗ ಮೆತ್ತೆಯ ಹಾಗೆ ಕೂತಿದೆ, ಬಲಗಡೆ ಅಂಥ ಮೆತ್ತೆ ಇಲ್ಲ. ಹಾಗಾಗಿ ಬಲ ಕಿಡ್ನಿಯಿಂದ ಇಳಿಯುವ ನಾಳ ಒತ್ತಿಕೊಂಡು, ಮೇಲೆ ಮೂತ್ರ ಸ್ವಲ್ಪ ನಿಲ್ಲುತ್ತದೆ. ರಿಪೋರ್ಟಿನ 'ಬಾವು' ಅದೇ. ಹೆಚ್ಚಿನ ಬಸುರಿಯರಲ್ಲಿ ಅಷ್ಟೋ ಇಷ್ಟೋ ಇರುತ್ತದೆ. ಎಡ ಮಗ್ಗುಲಿಗೆ ಮಲಗಿದರೆ ಹಗುರಾಗುತ್ತದೆ.

ಅಡ್ರಿನಲ್ 'ಸ್ವಲ್ಪ ದಪ್ಪ' ಎಂಬುದನ್ನು ಎಷ್ಟು ನಂಬಬೇಕು? ಅಲ್ಟ್ರಾಸೌಂಡಿನಲ್ಲಿ ದೊಡ್ಡವರ ಅಡ್ರಿನಲ್ ಸರಿಯಾಗಿ ಕಾಣುವುದೇ ಕಷ್ಟ. ಬಲಗಡೆಯದ್ದು ಲಿವರಿನ ಮೂಲಕ ಕಂಡೀತು, ಎಡಗಡೆಯದ್ದು ಹೊಟ್ಟೆಯ ಗಾಳಿಯಲ್ಲಿ ಮರೆಯಾಗುತ್ತದೆ. ಕಂಡದ್ದನ್ನು ಮಾತ್ರ ದಪ್ಪ ಎಂದರೆ, ಯಾವುದಕ್ಕೆ ಹೋಲಿಸಿ? ಎಷ್ಟು ಮಿಲಿಮೀಟರ್ ಎಂದು ಬರೆಯದೆ ಬರೀ 'ದಪ್ಪ' ಎನ್ನುವ ರಿಪೋರ್ಟು ನನಗೆ ಇಷ್ಟವಿಲ್ಲ. ಬಸುರಿಯ ಒಂದು ತಿಂಗಳ ನಿದ್ದೆ ಕೆಡಿಸಲು ಆ ಒಂದು ಪದ ಸಾಕು.

ಆದರೂ ಬಲ ಅಡ್ರಿನಲ್ ವಿಷಯದಲ್ಲಿ ಒಂದು ನಿಜವಾದ ಅಪಾಯ ಇದೆ, ತೀರ ಅಪರೂಪದ್ದು. ಈ ಗ್ರಂಥಿಗೆ ರಕ್ತ ತರಲು ಮೂರು ಕಡೆಯಿಂದ ಹತ್ತಾರು ಸಣ್ಣ ನಾಳಗಳು ಬರುತ್ತವೆ. ಹೊರಗೆ ಹೋಗಲು ಇರುವುದು ಒಂದೇ ದೊಡ್ಡ ಅಭಿಧಮನಿ. ಮಳೆಗಾಲದ ತೋಟ ನೆನೆಸಿಕೊಳ್ಳಿ. ನೀರು ನಾಲ್ಕು ಕಡೆಯಿಂದ ನುಗ್ಗುತ್ತದೆ, ಹೋಗಲು ಒಂದೇ ಕಣಿ. ಆ ಕಣಿಗೆ ಸೋಗೆ ಅಡ್ಡ ಬಿದ್ದರೆ ಮುಗಿಯಿತು. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚು, ಗ್ರಂಥಿ ದುಡಿಯುವುದೂ ಹೆಚ್ಚು. ಆ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಗ್ರಂಥಿ ಊದಿಕೊಂಡು ಸಾಯತೊಡಗುತ್ತದೆ. ಇದು ಹೆಚ್ಚಾಗಿ ಆಗುವುದು ಬಲಗಡೆ, ಅದೂ ಕೊನೆಯ ಮೂರು ತಿಂಗಳಲ್ಲಿ. ಆದರೆ ಆ ನೋವು ನಿಮ್ಮದರಂತೆ ತಾನಾಗಿ ಹೋಗುವಂಥದ್ದಲ್ಲ. ಹಠಾತ್ತಾಗಿ ಬಂದು ಮಗ್ಗುಲು ಬದಲಿಸಲು ಬಿಡುವುದಿಲ್ಲ, ಜೊತೆಗೆ ವಾಂತಿ, ಮಾಮೂಲಿ ನೋವಿನ ಇಂಜೆಕ್ಷನ್ನಿಗೆ ಬಗ್ಗುವುದಿಲ್ಲ. ಅಂಥ ನೋವು ಬಂದರೆ ಬೆಳಗಾಗಲಿ ಎಂದು ಕಾಯಬೇಡಿ. ಔಷಧ ಚುಚ್ಚದೆ ಮಾಡುವ ಎಂಆರ್‌ಐ ಬಸಿರಿನಲ್ಲಿ ಮಾಡಬಹುದು, ಅದರಲ್ಲಿ ಇದು ಗೊತ್ತಾಗುತ್ತದೆ.

ಅತ್ತೆಯವರ ಉಪ್ಪಿನ ಮಾತು. ಅವರ ಕಾಳಜಿ ದೊಡ್ಡದು, ಆದರೆ ಇದೊಂದು ವಿಷಯದಲ್ಲಿ ನಿಮ್ಮ ಅಡ್ರಿನಲ್ ಅವರ ಮಾತು ಕೇಳುವುದಿಲ್ಲ. ಬಸಿರಿನಲ್ಲಿ ರಕ್ತದ ನೀರಿನಂಶ ನೂರಕ್ಕೆ ನಲವತ್ತೈವತ್ತು ಹೆಚ್ಚಬೇಕು. ಉಪ್ಪು ಉಳಿದರೆ ಮಾತ್ರ ನೀರು ಉಳಿಯುತ್ತದೆ. ಅದಕ್ಕಾಗಿಯೇ ಹೊರ ಪದರ ಅಲ್ಡೋಸ್ಟಿರಾನನ್ನು ಐದರಿಂದ ಹತ್ತು ಪಟ್ಟು ಹೆಚ್ಚಿಸುತ್ತದೆ. ಅಷ್ಟು ಬೇರೆ ಯಾರಲ್ಲಾದರೂ ಇದ್ದರೆ ಬಿಪಿ ಆಕಾಶಕ್ಕೆ ಹೋಗುತ್ತಿತ್ತು. ಇಲ್ಲಿ ಬಸಿರನ್ನು ಕಾಯುವ ಪ್ರೊಜೆಸ್ಟಿರಾನ್ ಎಂಬ ಹಾರ್ಮೋನ್ ಅದೇ ಕುರ್ಚಿಯಲ್ಲಿ ಕೂತು ಅಲ್ಡೋಸ್ಟಿರಾನಿಗೆ ಜಾಗ ಬಿಡುವುದಿಲ್ಲ, ಹಾಗಾಗಿ ಬಿಪಿ ನಡುವಿನ ತಿಂಗಳುಗಳಲ್ಲಿ ಇಳಿಯುವುದೇ ಹೆಚ್ಚು. ಉಪ್ಪು ಪೂರ್ತಿ ಬಿಟ್ಟರೆ ಗ್ರಂಥಿ ಇನ್ನಷ್ಟು ಒದ್ದಾಡಬೇಕು, ಕಾಲಿನ ಬಾವು ಹಾಗೇ ಇರುತ್ತದೆ. ಬಿಪಿ ಸರಿ ಇದ್ದರೆ ಗಂಜಿಗೆ ಮಾಮೂಲಿ ಉಪ್ಪು ಹಾಕಿಕೊಳ್ಳಿ. ಮಿಡಿ ಉಪ್ಪಿನಕಾಯಿಯ ಭರಣಿಯನ್ನೇ ಖಾಲಿ ಮಾಡಿ ಎಂದು ನಾನು ಹೇಳಿದ್ದಲ್ಲ.

ಕಾಲಿನ ಬಾವಿನ ಜೊತೆ ಮುಖವೂ ಬಾತು, ತಲೆನೋವು, ಕಣ್ಣು ಮಂಜು ಬಂದರೆ ಅದು ಬೇರೆ ವಿಷಯ. ಕೂಡಲೇ ಬಿಪಿ ನೋಡಿಸಿ.

ಬಸಿರು ಗ್ರಂಥಿಯನ್ನು ಅಷ್ಟಾಗಿ ಬದಲಿಸದು ಎಂದೆ. ಬದಲಿಸುವ ಒಂದು ವಸ್ತು ನಮ್ಮ ಊರಿನಲ್ಲಿ ಧಾರಾಳ ಸಿಗುತ್ತದೆ: ಸ್ಟೀರಾಯ್ಡ್ ಮಾತ್ರೆ. ಗಂಟುನೋವಿಗೆ, ದಮ್ಮಿಗೆ, ಮೈ ತುಂಬಿಕೊಳ್ಳಲು ಎಂದು ಚೀಟಿ ಇಲ್ಲದೆ ತಿಂಗಳುಗಟ್ಟಲೆ ತಿನ್ನುವವರನ್ನು ನೋಡಿದ್ದೇನೆ. ಹೆಸರಿಲ್ಲದ ಪುಡಿಗಳಲ್ಲೂ ಅದು ಬೆರೆತಿರುತ್ತದೆ. ಹೊರಗಿನಿಂದ ಸ್ಟೀರಾಯ್ಡ್ ಬಂದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಎಸಿಟಿಎಚ್ ಇಲ್ಲದೆ ಫ್ಯಾಸಿಕುಲೇಟಾ, ರೆಟಿಕುಲಾರಿಸ್ ಎರಡೂ ಒಣಗಿ ತೆಳ್ಳಗಾಗುತ್ತವೆ. ಹೊರ ಪದರ ಮಾತ್ರ ಉಳಿಯುತ್ತದೆ, ಅದರ ಯಜಮಾನ ಬೇರೆ, ಕಿಡ್ನಿಯ ರೆನಿನ್. ಬಸುರಿಯಾದೆ ಎಂದು ಹೆದರಿ ಅಂಥವರು ಮಾತ್ರೆಯನ್ನು ಒಂದೇ ದಿನ ಬಿಟ್ಟರೆ ಪ್ರಾಣಕ್ಕೇ ಬರಬಹುದು. ಹೆರಿಗೆ ನೋವಿನ ಹೊತ್ತಿಗೆ ದೇಹ ಕಾರ್ಟಿಸಾಲ್ ಕೇಳುತ್ತದೆ, ಗ್ರಂಥಿಯಲ್ಲಿ ಇರುವುದಿಲ್ಲ. ಅಂಥವರಿಗೂ, ಅಡ್ರಿನಲ್ ಗ್ರಂಥಿಯೇ ಕೆಟ್ಟುಹೋಗುವ ಅಡಿಸನ್ ಕಾಯಿಲೆ ಇರುವವರಿಗೂ ಹೆರಿಗೆ ಶುರುವಾದಾಗ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಡಬೇಕು. ನಮ್ಮ ಊರಿನ ಅಂಥ ರೋಗಿಗಳು ಆ ಇಂಜೆಕ್ಷನ್ ಮನೆಯಲ್ಲೇ ಇಟ್ಟುಕೊಳ್ಳಬೇಕು ಎಂದು ನಾನು ಹಟ ಹಿಡಿಯುತ್ತೇನೆ. ದೊಡ್ಡ ಆಸ್ಪತ್ರೆಗೆ ಮಂಗಳೂರನ್ನೇ ನಂಬಿದವರು ನಾವು. 2020ರ ಮಾರ್ಚ್‌ನಲ್ಲಿ, ಕೋವಿಡ್ ಹೊತ್ತಿಗೆ, ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಒಂದು ಗಂಟೆಯ ದಾರಿ ಎಷ್ಟು ದೂರವಾಯಿತು ಎಂದು ಎಲ್ಲರೂ ನೋಡಿದ್ದೇವೆ.

ಇನ್ನೊಂದನ್ನು ಬಾಣಂತಿಯರ ಮನೆಯವರು ನೆನಪಿಡಬೇಕು. ಹೆರಿಗೆಯಲ್ಲಿ ತುಂಬಾ ರಕ್ತ ಹೋದರೆ, ಆಗಲೇ ದೊಡ್ಡದಾಗಿದ್ದ ಪಿಟ್ಯುಟರಿಗೆ ರಕ್ತ ಸಾಲದೆ ಅದು ಸತ್ತುಹೋಗಬಹುದು. ಶೀಹನ್ ಎಂಬ ವೈದ್ಯರು 1937ರಲ್ಲಿ ವಿವರಿಸಿದ್ದು ಇದನ್ನೇ. ಪಿಟ್ಯುಟರಿ ಹೋದರೆ ಅಡ್ರಿನಲ್‌ಗೂ ಹೇಳುವವರಿಲ್ಲ, ಅದೂ ಮೆಲ್ಲನೆ ಸೊರಗುತ್ತದೆ. ಮೊದಲ ಸುಳಿವು ಎದೆಹಾಲು ಬಾರದಿರುವುದು. ಆಮೇಲೆ ಮುಟ್ಟು ನಿಲ್ಲುವುದು, ಸುಸ್ತು, ಚಳಿ ತಡೆಯದಿರುವುದು. 'ಬಾಣಂತನ ಸರಿಯಾಗಲಿಲ್ಲ' ಎಂದುಕೊಂಡು ಹತ್ತು ವರ್ಷ ಸೊರಗಿ ಬಂದ ಹೆಂಗಸರಿಗೆ ನಾನೇ ಚಿಕಿತ್ಸೆ ಕೊಟ್ಟಿದ್ದೇನೆ.

ಹಾಗಾದರೆ ನೀವು ಈಗ ಏನು ಮಾಡಬೇಕು? ಸ್ಕ್ಯಾನ್ ಮಾಡಿದವರಲ್ಲಿ ದಪ್ಪ ಎಂದರೆ ಎಷ್ಟು ಮಿಲಿಮೀಟರ್ ಎಂದು ಕೇಳಿ. ಗಂಟು ಏನಾದರೂ ಕಂಡಿತೇ ಎಂದೂ ಕೇಳಿ. ಬಿಪಿ ನೋಡಿಸಿ, ರಕ್ತದ ಪೊಟ್ಯಾಸಿಯಂ ಮತ್ತು ಸಕ್ಕರೆ ನೋಡಿಸಿ. ಹೊಟ್ಟೆಯ ಮೇಲೆ ಗೆರೆ ಬರುವುದು, ಕೆನ್ನೆಯಲ್ಲಿ ಬಂಗು ಮೂಡುವುದು ಬಸಿರಿನ ಮಾಮೂಲು. ಆದರೆ ಬೆರಳಿನಷ್ಟು ಅಗಲದ ನೇರಳೆ ಗೆರೆ, ಸುಮ್ನೆ ತಾಗಿದರೂ ನೀಲಿಗಟ್ಟುವ ಚರ್ಮ, ಕುಕ್ಕರುಗಾಲಿನಿಂದ ಏಳಲಾಗದ ತೊಡೆ ಇದ್ದರೆ, ಅದು ಕಾರ್ಟಿಸಾಲ್ ನಿಜಕ್ಕೂ ಅತಿಯಾದ ಲಕ್ಷಣ, ನನಗೆ ಬರೆಯಿರಿ. ಬಿಪಿ ಒಮ್ಮೆಲೇ ಏರಿ, ಎದೆ ಡವಡವ ಎಂದು, ಬೆವರಿಳಿದು, ಮತ್ತೆ ಇಳಿಯುವುದಿದ್ದರೂ ಹೇಳಿ. ಅದು ಮೆಡುಲ್ಲಾದ ಗಡ್ಡೆಯ ಲಕ್ಷಣ, ಅಪರೂಪವಾದರೂ ಹೆರಿಗೆಗೆ ಮುಂಚೆ ಗೊತ್ತಾಗಲೇಬೇಕು. ಇದಾವುದೂ ಇಲ್ಲದಿದ್ದರೆ ಮತ್ತೆ ಕಾರ್ಟಿಸಾಲ್ ಮಾಡಿಸಬೇಡಿ. ರಾತ್ರಿ ಡೆಕ್ಸಾಮೆಥಾಸೋನ್ ನುಂಗಿ ಬೆಳಿಗ್ಗೆ ಮಾಡುವ ಪರೀಕ್ಷೆಯಂತೂ ಬೇಡವೇ ಬೇಡ, ಬಸಿರಿನಲ್ಲಿ ಅದು ಸುಳ್ಳು ಹೇಳುತ್ತದೆ. ಹೆರಿಗೆಯಾಗಿ ಮೂರು ತಿಂಗಳು ಕಳೆದ ಮೇಲೆ ಒಮ್ಮೆ ಸ್ಕ್ಯಾನ್ ಸಾಕು.

ಮುಂದಿನ ಸ್ಕ್ಯಾನಿಗೆ ಹೋದಾಗ ಮಗುವಿನ ಅಡ್ರಿನಲ್ ತೋರಿಸಿ ಎಂದು ಕೇಳಿ ನೋಡಿ. ಗಂಡೋ ಹೆಣ್ಣೋ ಎಂದು ಹೇಳುವಂತಿಲ್ಲ, ಇದನ್ನು ತೋರಿಸಲು ಯಾವ ಕಾನೂನೂ ಅಡ್ಡವಿಲ್ಲ. ಮಗುವಿನ ಕಿಡ್ನಿಯ ಮೇಲೆ ಪುಟ್ಟ ಬಿಸ್ಕತ್ತಿನ ಜೋಡಿಯಂತೆ ಕಾಣುತ್ತದೆ. ಎರಡು ಬದಿಯಲ್ಲಿ ಕಪ್ಪು, ನಡುವೆ ಕ್ರೀಮ್ ಸವರಿದಂತೆ ಬಿಳಿ ಗೆರೆ. ಆ ಕಪ್ಪು ಭಾಗದ ಹೆಚ್ಚಿನ ಪಾಲು, ನಿಮ್ಮ ಬಾಣಂತನ ಮುಗಿಯುವುದರೊಳಗೆ ಕರಗಿಹೋಗಲಿರುವ ಅದೇ ಭ್ರೂಣ ವಲಯ.